ಮಾಸು ಬಿದ್ದ ಮೇಲೆ ರಕ್ತವನ್ನು ಅಳೆಯಬೇಕು

ಮಗು ಅತ್ತ ಕೂಡಲೇ ಎಲ್ಲರ ಕಣ್ಣೂ ಮಗುವಿನ ಕಡೆ. ಹೆರಿಗೆ ಮಾತ್ರ ಇನ್ನೂ ಮುಗಿದಿಲ್ಲ, ಮಾಸು (ಪ್ಲಾಸೆಂಟಾ) ಬೀಳಬೇಕು. ದಿನ ತುಂಬಿದಾಗ ಅದರ ತೂಕ ಸುಮಾರು 500 ಗ್ರಾಂ, ಅಗಲ 20–22 ಸೆಂ.ಮೀ. ಅದು ಕಳಚಿದ ಜಾಗದಲ್ಲಿ ಗರ್ಭಕೋಶದೊಳಗೆ ದೊಡ್ಡ ಹಸಿಗಾಯ ಉಳಿಯುತ್ತದೆ.

ತುಂಬು ಗರ್ಭಕೋಶಕ್ಕೆ ನಿಮಿಷಕ್ಕೆ 500–700 ಮಿ.ಲೀ. ರಕ್ತ ಹರಿಯುತ್ತದೆ. ಮಾಸಿಗೆ ಸಾಕಷ್ಟು ರಕ್ತ ಸಿಗಲೆಂದು ಅದರ ಜೀವಕೋಶಗಳು ಬಸುರಿನ ಮೊದಲರ್ಧದಲ್ಲೇ ತಾಯಿಯ ರಕ್ತನಾಳಗಳ ಸ್ನಾಯುಪದರವನ್ನು ಕರಗಿಸಿ ಅವುಗಳನ್ನು ಅಗಲ ಮಾಡಿರುತ್ತವೆ. ಹಾಗಾಗಿ ಆ ನಾಳಗಳು ತಾವಾಗಿ ಬಿಗಿದುಕೊಳ್ಳಲಾರವು. ಹೆಣಿಗೆಯಂತೆ ಅಡ್ಡಡ್ಡ ಹಾದಿರುವ ಗರ್ಭಕೋಶದ ಸ್ನಾಯುಗಳೇ ಕುಗ್ಗಿ ಅವನ್ನು ಹಿಸುಕಬೇಕು. ಹೊಕ್ಕುಳಿನ ಕೆಳಗೆ ಕೈಯಿಟ್ಟರೆ ಗರ್ಭಕೋಶ ಕ್ರಿಕೆಟ್ ಚೆಂಡಿನಂತೆ ಗಟ್ಟಿಯಾಗಿ ಸಿಗಬೇಕು. ಮೆತ್ತಗಿದ್ದರೆ ಅಪಾಯ.

ಅದಕ್ಕೇ ಮಗು ಹುಟ್ಟಿದ ಒಂದು ನಿಮಿಷದೊಳಗೆ ಗರ್ಭಕೋಶವನ್ನು ಕುಗ್ಗಿಸುವ ಆಕ್ಸಿಟೋಸಿನ್ ಮದ್ದನ್ನು 10 ಯೂನಿಟ್ ತೊಡೆಗೆ ಚುಚ್ಚಿ ಕೊಡುತ್ತಾರೆ. ಗರ್ಭಕೋಶ ಗಟ್ಟಿಯಾದಾಗ ಒಂದು ಕೈಯಿಂದ ಕಿಬ್ಬೊಟ್ಟೆಯ ಮೇಲೆ ಆನಿಸಿ, ಇನ್ನೊಂದು ಕೈಯಿಂದ ಹೊಕ್ಕುಳಬಳ್ಳಿಯನ್ನು ಮೆಲ್ಲಗೆ ಎಳೆಯಬೇಕು. ಆಸರೆಯಿಲ್ಲದೆ ಜೋರಾಗಿ ಎಳೆದರೆ ಬಳ್ಳಿ ಹರಿಯಬಹುದು, ಗರ್ಭಕೋಶವೇ ಒಳಹೊರಗಾಗಬಹುದು. 30 ನಿಮಿಷವಾದರೂ ಮಾಸು ಬೀಳದಿದ್ದರೆ ವೈದ್ಯರೇ ತೆಗೆಯಬೇಕಾಗಬಹುದು.

ಬಿದ್ದ ಮಾಸನ್ನು ತೊಟ್ಟಿಗೆ ಹಾಕುವ ಮುನ್ನ ಅಂಗೈ ಮೇಲೆ ಹರಡಿ ನೋಡಲೇಬೇಕು. ತಾಯಿಯ ಕಡೆಯ ಮೈಯಲ್ಲಿ 15–20 ಕಡುಗೆಂಪು ತುಣುಕುಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ನಡುವೆ ಗುಳಿ ಕಂಡರೆ ಒಂದು ತುಣುಕು ಒಳಗೇ ಉಳಿದಿದೆ. ಆಮೇಲೆ ಪೊರೆಯನ್ನು ಎತ್ತಿ ಹಿಡಿಯಿರಿ: ರಕ್ತನಾಳವೊಂದು ಅಂಚು ದಾಟಿ ಹೋಗಿ ಹರಿದು ನಿಂತಿದ್ದರೆ, ಬೇರೆಯಾಗಿ ಬೆಳೆದಿದ್ದ ಸಣ್ಣ ಮಾಸು ಗರ್ಭಕೋಶದಲ್ಲಿದೆ ಎಂದರ್ಥ. ಒಳಗೆ ಚೂರು ಉಳಿದರೆ ಗರ್ಭಕೋಶ ಪೂರ್ತಿ ಕುಗ್ಗದು, ರಕ್ತ ನಿಲ್ಲದು. ತುಂಬಿದ ಮೂತ್ರಕೋಶವೂ ಹೀಗೇ ಅಡ್ಡಿ ಮಾಡುತ್ತದೆ.

ಎಷ್ಟು ರಕ್ತ ಹೋಯಿತು? ಕಣ್ಣಂದಾಜು ಇಲ್ಲಿ ಮೋಸ ಮಾಡುತ್ತದೆ. ಬಟ್ಟೆ, ಹತ್ತಿ ಹೀರಿದ್ದು ಲೆಕ್ಕಕ್ಕೆ ಸಿಗುವುದಿಲ್ಲ. ಬೆಳಗಾವಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಣ್ಣಂದಾಜು ಸುಮಾರು ಮೂರನೇ ಒಂದು ಭಾಗ ಕಡಿಮೆ ಬಂದಿತ್ತು. ಅಲ್ಲಿ ಬಳಸಿದ್ದು ತಾಯಿಯ ಸೊಂಟದಡಿ ಹಾಸುವ, ಆಲಿಕೆಯಾಕಾರದ ಚೀಲವಿರುವ ಪ್ಲಾಸ್ಟಿಕ್ ಹಾಳೆ. ಚೀಲದ ಮೇಲೆ ಅಳತೆಯ ಗೆರೆಗಳಿವೆ. ಮಗು ಹೊರಬಂದ ಮೇಲೇ ಹಾಸಬೇಕು, ಇಲ್ಲದಿದ್ದರೆ ಮಗುವಿನ ಸುತ್ತಲಿದ್ದ ನೆತ್ತಿನೀರೂ ಸೇರಿ ಲೆಕ್ಕ ತಪ್ಪುತ್ತದೆ.

ಇಂಥದೇ ಚೀಲ ಮುಂದೆ ಆಫ್ರಿಕಾದಲ್ಲಿ ಎಷ್ಟೋ ತಾಯಂದಿರಿಗೆ ಆಸರೆಯಾಯಿತು. ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ನಡೆದ ಇ-ಮೋಟಿವ್ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಚೀಲದಲ್ಲಿ 500 ಮಿ.ಲೀ. ಆದರೆ, ಅಥವಾ 300 ಮಿ.ಲೀ. ದಾಟಿ ನಾಡಿ, ಬಿಪಿ ಏರುಪೇರಾದರೆ, ಗರ್ಭಕೋಶ ನೀವುವುದು, ಆಕ್ಸಿಟೋಸಿನ್, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ 1 ಗ್ರಾಂ, ಡ್ರಿಪ್, ತಪಾಸಣೆ ಎಲ್ಲವೂ ಒಟ್ಟಿಗೇ ಶುರು. ಒಂದೊಂದೇ ಮಾಡಿ ಕಾಯುತ್ತ ಕೂರುವಂತಿಲ್ಲ. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಕ್ರಿಯೆ, ಸಾವು ಇವೆಲ್ಲ ಸೇರಿ ಎಂದಿನ ಆರೈಕೆಯ ಆಸ್ಪತ್ರೆಗಳಲ್ಲಿ 4.3% ಇದ್ದರೆ, ಈ ಕ್ರಮ ಪಾಲಿಸಿದ ಆಸ್ಪತ್ರೆಗಳಲ್ಲಿ 1.6% ಮಾತ್ರ ಇದ್ದವು.

ಬಾಣಂತನದ ಮನೆಯಲ್ಲೂ ಎಚ್ಚರ ಬೇಕು. ಸ್ರಾವ ಮೊದಲು ಕೆಂಪಗಿದ್ದು, ಕಂದಾಗಿ, ಆಮೇಲೆ ಬೆಳ್ಳಗಾಗುತ್ತ ಬರುತ್ತದೆ. ತಿಳಿಯಾದದ್ದು ಮತ್ತೆ ಕೆಂಪಾಗಿ ಹೆಚ್ಚಿದರೆ, ಗಂಟೆಗೊಂದು ಪ್ಯಾಡ್ ನೆನೆದರೆ, ವಾಸನೆ ಅಥವಾ ಜ್ವರ ಬಂದರೆ, ಒಳಗೆ ಮಾಸಿನ ಚೂರು ಉಳಿದಿರಬಹುದು ಇಲ್ಲವೇ ನಂಜಾಗಿರಬಹುದು. “ಕೆಟ್ಟ ರಕ್ತ, ಹೋಗಲಿ ಬಿಡು” ಎನ್ನಬೇಡಿ. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ, ಗಂಟೆಗೆ ಎಷ್ಟು ಪ್ಯಾಡ್ ಬದಲಿಸಿದಿರೆಂದು ವೈದ್ಯರಿಗೆ ಹೇಳಿ.