ಹಿತ್ತಾಳೆಯ ವರಾಹ: ಹಳೆಯ ಚಿನ್ನದ ನಾಣ್ಯಗಳ ಪ್ರತಿಕೃತಿಗೂ ಒಂದು ಚರಿತ್ರೆಯಿದೆ

ಕೆಜಿಎಫ್ ಗಣಿಯ ಚಿನ್ನದಿಂದ ಮೈಸೂರು ಅರಸರು ಹೊಡೆಸಿದ ವರಾಹ ಎಂದು ಹೇಳಿ ಕೋಲಾರದಲ್ಲಿ ಯಾರಾದರೂ ನಾಣ್ಯ ಮಾರಲು ಬಂದರೆ ಒರೆಗಲ್ಲು ಹುಡುಕಬೇಕಾಗಿಲ್ಲ, ಇಸವಿ ಲೆಕ್ಕ ಹಾಕಿದರೆ ಸಾಕು. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂತು, 1843ರಲ್ಲಿ ಮುಚ್ಚಿತು. ಜಾನ್ ಟೇಲರ್ ಕಂಪನಿ ಇಲ್ಲಿನ ಗಣಿಗಳಿಗೆ ಕೈಹಾಕಿದ್ದು 1880ರ ದಶಕದಲ್ಲಿ. ಆ ಹೊತ್ತಿಗೆ ಮೈಸೂರಿಗೆ ತನ್ನದೆನ್ನುವ ಟಂಕಸಾಲೆಯೇ ಇರಲಿಲ್ಲ. ಚಿನ್ನ ಗಟ್ಟಿಗಳಾಗಿ ಹಡಗು ಹತ್ತಿತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ 800 ಟನ್ನಿಗೂ ಹೆಚ್ಚು ಚಿನ್ನ ಈ ನೆಲದಿಂದ ಮೇಲೆ ಬಂದಿದೆ. ಅದರಲ್ಲಿ ಒಂದು ಗುಂಜಿಯೂ ಮೈಸೂರು ವರಾಹವಾಗಲಿಲ್ಲ.

ಹಾಗೆಂದು ಈ ಭಾಗಕ್ಕೂ ಚಿನ್ನದ ನಾಣ್ಯಕ್ಕೂ ನಂಟಿಲ್ಲ ಎಂದಲ್ಲ. ಕುವಲಾಲ ಎಂದು ಕರೆಸಿಕೊಳ್ಳುತ್ತಿದ್ದ ಕೋಲಾರ ಗಂಗರ ಮೊದಲ ರಾಜಧಾನಿ. ಆನೆಯ ಚಿತ್ರವಿರುವ ಗಜಪತಿ ವರಾಹಗಳನ್ನು ಬಹುಕಾಲ ಅವರದ್ದೆಂದೇ ಗುರುತಿಸುತ್ತಿದ್ದರು. ಅವು ಗಂಗರ ನಂತರದವು ಎಂಬ ವಾದವೂ ಇದೆ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದ ಭಾಗಗಳು ನೊಳಂಬವಾಡಿಗೆ ಸೇರಿದ್ದವು. ಅದನ್ನು ಗೆದ್ದ ಹೊಯ್ಸಳ ವಿಷ್ಣುವರ್ಧನ ಒಂದು ಮುಖದಲ್ಲಿ ಸಿಂಹ, ಇನ್ನೊಂದರಲ್ಲಿ ಕನ್ನಡ ಅಕ್ಷರಗಳಲ್ಲಿ 'ಶ್ರೀ ನೊಳಂಬವಾಡಿಗೊಂಡ' (ನೊಳಂಬವಾಡಿಯನ್ನು ಗೆದ್ದವನು) ಎಂದಿರುವ ಚಿನ್ನದ ನಾಣ್ಯ ಹೊರಡಿಸಿದ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ವರಾಹಗಳೂ ಇವೆ. ಇವನ್ನೆಲ್ಲ ಕೊಂಡು ಮನೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ಎಷ್ಟು ಜನಕ್ಕಿದೆ? ಚಿನ್ನದ ಬೆಲೆಯೇ ಕೈಗೆಟುಕದಿರುವಾಗ ಅದರ ಮೇಲೆ ಚರಿತ್ರೆಯ ಬೆಲೆಯೂ ಸೇರುತ್ತದೆ. ಮ್ಯೂಸಿಯಂನಲ್ಲಾದರೆ ಗಾಜಿನಾಚೆಯಿಂದ ಒಂದು ಮುಖ ಮಾತ್ರ ಕಾಣುತ್ತದೆ. ಹಾಗಾಗಿ ಹಿತ್ತಾಳೆ, ತಾಮ್ರಕ್ಕೆ ಚಿನ್ನದ ಮುಲಾಮು ಹಾಕಿದ ಪ್ರತಿಕೃತಿಗಳನ್ನು ಕೂಡಿಡುವ ಹವ್ಯಾಸವನ್ನು ನಾನು ಗೌರವದಿಂದಲೇ ನೋಡುತ್ತೇನೆ. ಇದನ್ನು ಇತ್ತೀಚಿನ ಮಾರುಕಟ್ಟೆಯ ಸೃಷ್ಟಿ ಎನ್ನುವವರಿದ್ದಾರೆ. ಆ ಮಾತು ಸರಿಯಲ್ಲ.

ನಾಣ್ಯ ನೋಡಿ ನಾಣ್ಯ ಮಾಡುವುದು ನಮ್ಮಲ್ಲಿ ಬಹಳ ಹಳೆಯದು. ರೋಮಿನ ಚಿನ್ನದ ನಾಣ್ಯಗಳು ದಕ್ಷಿಣ ಭಾರತಕ್ಕೆ ವ್ಯಾಪಾರದಲ್ಲಿ ಬಂದ ಕಾಲದಲ್ಲೇ ಇಲ್ಲಿನ ಅಕ್ಕಸಾಲಿಗರು ಅವುಗಳ ಅನುಕರಣೆ ಮಾಡಿದರು. ರಾಜನ ಮುಖ ಸರಿಯಾಗಿಯೇ ಮೂಡಿರುತ್ತದೆ, ಸುತ್ತಲಿನ ಲ್ಯಾಟಿನ್ ಬರಹ ಮಾತ್ರ ಬರಿಯ ಗೀಟುಗಳಾಗಿರುತ್ತವೆ. ಅಸಲಿ ಮತ್ತು ಅನುಕರಣೆ ಎರಡಕ್ಕೂ ತೂತು ಕೊರೆದು ಕೊರಳಿಗೆ ಹಾಕಿಕೊಂಡ ಗುರುತುಗಳಿವೆ. ಇಂದು ವಿದ್ವಾಂಸರು ಆ ಅನುಕರಣೆಗಳನ್ನೂ ಅಸಲಿಯಷ್ಟೇ ಶ್ರದ್ಧೆಯಿಂದ ಅಧ್ಯಯನ ಮಾಡುತ್ತಾರೆ.

ಅರಸರೂ ಅಷ್ಟೇ. ವಿಜಯನಗರದ ಎರಡನೇ ಹರಿಹರನ ವರಾಹದಲ್ಲಿ ಉಮಾಮಹೇಶ್ವರರು ಕೂತಿದ್ದಾರೆ. ಅದೇ ದಂಪತಿಯನ್ನು ಇಕ್ಕೇರಿಯ ನಾಯಕರು ತಮ್ಮ ವರಾಹಕ್ಕೆ ತಂದರು. 1763ರಲ್ಲಿ ಆ ನಾಯಕರ ರಾಜಧಾನಿ ಬಿದನೂರನ್ನು ಹಿಡಿದ ಹೈದರ್ ಒಂದು ಬದಿಯಲ್ಲಿ ಶಿವ ಪಾರ್ವತಿಯರನ್ನು ಹಾಗೇ ಉಳಿಸಿ, ಇನ್ನೊಂದು ಬದಿಯಲ್ಲಿ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರವನ್ನಷ್ಟೇ ಒತ್ತಿಸಿದ. ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲೂ ಅದೇ ಚಿತ್ರ. ರಾಜ್ಯಗಳು ಬದಲಾದರೂ ಸಂತೆಯಲ್ಲಿ ಜನ ನಂಬುತ್ತಿದ್ದುದು ಕಣ್ಣಿಗೆ ಪರಿಚಯವಾದ ನಾಣ್ಯವನ್ನು. ನಾಲ್ಕು ಶತಮಾನ ಒಂದೇ ಅಚ್ಚಿನ ನೆನಪು ಕೈಯಿಂದ ಕೈಗೆ ದಾಟಿದ್ದು ಹೀಗೆ.

ಇನ್ನು ರಾಮಟಂಕೆ. ಪಟ್ಟಾಭಿಷೇಕದ ಚಿತ್ರವಿರುವ ಈ ಬಿಲ್ಲೆಗಳು ನಮ್ಮ ಅನೇಕ ದೇವರ ಮನೆಗಳಲ್ಲಿವೆ. ಪೂಜೆಗೆಂದೇ ಮಾಡಿದವು ಇವು, ಯಾವ ರಾಜ್ಯದಲ್ಲೂ ಹಣವಾಗಿ ಚಲಾವಣೆಯಾಗಲಿಲ್ಲ. ಹಿಂದಿನವು ಚಿನ್ನದವೂ ಇವೆ, ಬೆಳ್ಳಿಯವೂ ಇವೆ, ಹಿತ್ತಾಳೆಯವಂತೂ ಲೆಕ್ಕವಿಲ್ಲದಷ್ಟು. ಕಾಸಿನ ಸರದ ಕಥೆಯೂ ಇದಕ್ಕೆ ಹತ್ತಿರದ್ದೇ. ವಿಕ್ಟೋರಿಯಾ ರಾಣಿಯ ಪವನುಗಳನ್ನು ಪೋಣಿಸಿಕೊಳ್ಳಲಾಗದ ಮನೆಗಳಿಗೆ ಅಕ್ಕಸಾಲಿಗರು ಅದೇ ಮುಖವನ್ನು ತೆಳು ತಗಡಿನಲ್ಲಿ ಒತ್ತಿಕೊಟ್ಟರು. ಈಗಿನ ಒನ್ ಗ್ರಾಂ ಗೋಲ್ಡ್ ಅಂಗಡಿಗಳಲ್ಲೂ ಅಂಥ ಸರ ತೂಗಾಡುತ್ತಿರುತ್ತದೆ. ತೊಟ್ಟವರು ಯಾರಿಗೂ ಮೋಸ ಮಾಡುತ್ತಿಲ್ಲ.

ಯುರೋಪಿನಲ್ಲಿ ಇದೇ ಕೆಲಸ ಎರಡು ದಾರಿ ಹಿಡಿಯಿತು. 16ನೇ ಶತಮಾನದಲ್ಲಿ ಪಡುವಾ ಪಟ್ಟಣದ ಜೊವಾನಿ ಕವಿನೊ ರೋಮನ್ ನಾಣ್ಯಗಳ ಮಾದರಿಯಲ್ಲಿ ತಾನೇ ಅಚ್ಚು ಕೆತ್ತಿದ. ಅವನ ಕೆಲಸವನ್ನು ಕಲೆಯೆಂದು ಮೆಚ್ಚಿ ಇಂದಿಗೂ ಸಂಗ್ರಹಿಸುತ್ತಾರೆ. 1772ರಲ್ಲಿ ಹುಟ್ಟಿದ ಜರ್ಮನಿಯ ಕಾರ್ಲ್ ವಿಲ್ಹೆಲ್ಮ್ ಬೆಕರ್ ಅಷ್ಟೇ ಚತುರ, ಆದರೆ ತಾನು ಮಾಡಿದ್ದನ್ನು ಪ್ರಾಚೀನವೆಂದು ಮಾರಿದ. ವಿದ್ವಾಂಸರು ಅವನ ಸುಳ್ಳುಗಳನ್ನು ಒಂದೊಂದಾಗಿ ಪಟ್ಟಿಮಾಡಿ ಬೇರ್ಪಡಿಸಬೇಕಾಯಿತು. 19ನೇ ಶತಮಾನದಲ್ಲಿ ಬ್ರಿಟಿಷ್ ಮ್ಯೂಸಿಯಂಗಾಗಿ ರಾಬರ್ಟ್ ರೆಡಿ ಇನ್ನೊಂದು ಕ್ರಮ ಅನುಸರಿಸಿದ. ಅಸಲಿ ನಾಣ್ಯದ ಎರಡೂ ಮುಖಗಳ ಅಚ್ಚು ತೆಗೆದು, ವಿದ್ಯುತ್ತಿನಿಂದ ಅದರೊಳಗೆ ತಾಮ್ರದ ತೆಳು ಪದರ ಕೂರಿಸಿ, ಎರಡು ಚಿಪ್ಪುಗಳ ನಡುವೆ ಸೀಸ ತುಂಬಿ ಬೆಸೆಯುವುದು. ಆಮೇಲೆ ಚಿನ್ನದ ಮುಲಾಮು. ಅಂಚಿನಲ್ಲಿ ತನ್ನ ಹೆಸರಿನ ಅಕ್ಷರಗಳ ಮುದ್ರೆ. ಕಲಿಯುವವರ ಕೈಗೆ ಸಿಗಲೆಂದು ಮಾಡಿದ ಇಂಥ ಪ್ರತಿಕೃತಿಗಳನ್ನು ಹುಡುಕಿ ಕೊಳ್ಳುವವರು ಈಗಲೂ ಇದ್ದಾರೆ.

ಅಚ್ಚು ತೆಗೆದಿಟ್ಟರೆ ಏನು ಉಳಿಯುತ್ತದೆ ಎಂಬುದಕ್ಕೆ ಷಹಜಹಾನನ 200 ಮೊಹರಿಗಿಂತ ದೊಡ್ಡ ಸಾಕ್ಷಿ ನನಗೆ ತಿಳಿದಿಲ್ಲ. ಎರಡು ಕಿಲೋ ಮೀರಿದ ಆ ಚಿನ್ನದ ನಾಣ್ಯ ಕಾಣೆಯಾಗಿದೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಪ್ಲಾಸ್ಟರ್ ಅಚ್ಚಿನಿಂದಲೇ ಇಂದು ಅದರ ರೂಪ ನಮಗೆ ಗೊತ್ತು.

ಅಮೆರಿಕದಲ್ಲಿ 1933ರಲ್ಲಿ 4,45,500 ಡಬಲ್ ಈಗಲ್ ಚಿನ್ನದ ನಾಣ್ಯ ಹೊಡೆದರು. ಚಿನ್ನದ ಚಲಾವಣೆ ನಿಂತದ್ದರಿಂದ ಅವು ಬಳಕೆಗೆ ಬರಲೇ ಇಲ್ಲ, ಹೆಚ್ಚುಕಡಿಮೆ ಎಲ್ಲವನ್ನೂ ಕರಗಿಸಿದರು. ಖಾಸಗಿಯವರು ಕಾನೂನುಬದ್ಧವಾಗಿ ಹೊಂದಬಹುದಾದದ್ದು ಒಂದೇ ಒಂದು. 2021ರ ಹರಾಜಿನಲ್ಲಿ ಅದು ಸುಮಾರು 1.89 ಕೋಟಿ ಡಾಲರಿಗೆ ಹೋಯಿತು. ಹಾಗಾಗಿ ಉಳಿದವರಿಗೆಲ್ಲ ಅದರ ಪ್ರತಿಕೃತಿಯೇ ಗತಿ. ಅಂಥವುಗಳಿಂದ ಜನ ಮೋಸಹೋಗಬಾರದೆಂದು ಅಲ್ಲಿ 1973ರಲ್ಲೇ ಕಾನೂನು ಬಂತು: ಸಂಗ್ರಹಕ್ಕೆಂದು ಮಾಡುವ ಅನುಕರಣೆಯ ನಾಣ್ಯದ ಮೇಲೆ 'ಕಾಪಿ' ಎಂದು ಅಳಿಸಲಾಗದಂತೆ ಒತ್ತಿರಬೇಕು.

ಅಂಥದೊಂದು ನಿಯಮ ನಮಗೂ ಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಏಕೆಂದರೆ ಗುರುತಿಲ್ಲದ ಬಿಲ್ಲೆಗಳು ಎಲ್ಲಿಗೆ ಹೋಗುತ್ತವೆಂದು ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. 'ಮನೆ ಪಾಯ ಅಗೆಯುವಾಗ ಬಿಂದಿಗೆ ಸಿಕ್ಕಿತು, ಅರ್ಧ ಬೆಲೆಗೆ ಕೊಡುತ್ತೇವೆ' ಎಂದು ಫೋನ್ ಬರುತ್ತದೆ. ಮೊದಲು ಒಂದೆರಡು ಅಸಲಿ ನಾಣ್ಯ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಿ ಎನ್ನುತ್ತಾರೆ. ದುಡ್ಡು ತಂದಾಗ ಕೈಗೆ ಬರುವ ಚೀಲದಲ್ಲಿ ಪೂರ್ತಿ ಹಿತ್ತಾಳೆ. ಜಮೀನು ಮಾರಿದ ಹಣ, ಮಗಳ ಮದುವೆಗೆ ಕೂಡಿಟ್ಟ ಹಣ ಹೀಗೆ ಹೋಗುತ್ತದೆ. ಪ್ರತಿಕೃತಿಯನ್ನು ಅಸಲಿಯೆಂದು ಮಾರುವುದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಲ್ಲಿ ವಂಚನೆ. ನಿಜವಾಗಿಯೇ ನಿಧಿ ಸಿಕ್ಕಿದ್ದರೂ ಅದನ್ನು ಗುಟ್ಟಾಗಿ ಮಾರುವಂತಿಲ್ಲ. ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ.

ಪ್ರತಿಕೃತಿ ಕೂಡಿಡಬೇಕೆಂದಿರುವವರು ಒಂದು ಸಣ್ಣ ತಕ್ಕಡಿ ಇಟ್ಟುಕೊಳ್ಳಲಿ. ವಿಜಯನಗರದ ವರಾಹ ಸುಮಾರು 3.4 ಗ್ರಾಂ. ಅದೇ ಅಗಲ, ಅದೇ ದಪ್ಪದಲ್ಲಿ ಹಿತ್ತಾಳೆಯದು ಮಾಡಿದರೆ ಅರ್ಧದಷ್ಟೂ ತೂಗುವುದಿಲ್ಲ. ತೂಕ ಸರಿಹೊಂದಿಸಲು ಹೋದರೆ ಬಿಲ್ಲೆ ದಪ್ಪಗಾಗುತ್ತದೆ. ಅಂಚಿನಲ್ಲಿ ಬೆಸುಗೆಯ ಗೆರೆ, ಮೈಮೇಲೆ ಎರಕದ ಸಣ್ಣ ಗುಳಿಗಳು ಕಾಣುತ್ತವೆಯೇ ನೋಡಲಿ. ಕೊಂಡ ಕೂಡಲೇ ಯಾವ ನಾಣ್ಯದ ಪ್ರತಿಕೃತಿ, ಯಾವ ಲೋಹ, ಎಷ್ಟು ತೂಕ ಎಂದು ಚೀಟಿ ಬರೆದು ಜೊತೆಗೇ ಇಡಲಿ. ನಾಳೆ ಮೊಮ್ಮಕ್ಕಳು ಅದನ್ನು ಅಸಲಿಯೆಂದು ತಿಳಿಯಬಾರದು. ವಿದೇಶಕ್ಕೆ ಒಯ್ಯುವುದಿದ್ದರೆ ಇದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ ಪಡೆಯುವುದು ಕ್ಷೇಮ, ಏಕೆಂದರೆ 1972ರ ಕಾಯಿದೆಯಂತೆ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಾಚೆ ಒಯ್ಯುವಂತಿಲ್ಲ.

ಎಲ್ಲಿಂದ ಶುರುಮಾಡಲಿ ಎಂದು ಕೇಳುವವರಿಗೆ ನಾನು ನೊಳಂಬವಾಡಿಗೊಂಡ ನಾಣ್ಯವನ್ನೇ ಹೇಳುತ್ತೇನೆ. ಹಳಗನ್ನಡದ ಅಕ್ಷರ ಕೂಡಿಸಿ ಓದಬಲ್ಲ ಶಾಲೆಯ ಮಕ್ಕಳಿಗೂ ಅದು ಅರ್ಥವಾಗುತ್ತದೆ, ಅದರಲ್ಲಿರುವುದು ಅವರದೇ ಸೀಮೆಯ ಹಳೆಯ ಹೆಸರು.