ಆನೆಯ ದಾಯಾದಿ ಮತ್ತು ಕೊಡಗಿನ ಪಾಳುಗದ್ದೆ

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡು, ದುಬಾರೆಯಲ್ಲಿ ಪ್ರವಾಸಿಗರ ಗದ್ದಲ ಅಡಗಿ, ಮಡಿಕೇರಿಯ ರಾಜಾಸೀಟಿನಲ್ಲಿ ಜನರೇ ಇಲ್ಲದಂತಾದ ಮೇಲೆ, ಕೊಡಗಿನ ಮೊಬೈಲುಗಳಲ್ಲಿ ಕಾಯಿಲೆಯ ಸುದ್ದಿಯ ಜೊತೆಗೆ ಕಾಡುಪ್ರಾಣಿಗಳು ‘ಮರಳಿ ಬಂದ’ ಸುದ್ದಿಯೂ ಓಡಾಡತೊಡಗಿತು. ಅದರಲ್ಲಿ ನಿಜವೂ ಇತ್ತು, ಕಟ್ಟುಕತೆಯೂ ಇತ್ತು. ಥಾಯ್ಲೆಂಡಿನ ಲಿಬೊಂಗ್ ದ್ವೀಪದ ಬಳಿ ಮೂವತ್ತರಷ್ಟು ಕಡಲಹಸುಗಳು ಒಟ್ಟಾಗಿ ಮೇಯುತ್ತಿದ್ದ ಡ್ರೋನ್ ಚಿತ್ರ ನಿಜವಾದುದು. ಗಡಿಯಾಚೆಯ ಕೇರಳದ ಮೇಪ್ಪಯ್ಯೂರಿನ ರಸ್ತೆ ದಾಟಿದ, ಬಹುಕಾಲದಿಂದ ಕಾಣದಿದ್ದ ಮಲಬಾರ್ ಪುನುಗುಬೆಕ್ಕು ಎನ್ನಲಾದ ಪ್ರಾಣಿ ಮಾತ್ರ ಸಾಮಾನ್ಯ ಪುನುಗುಬೆಕ್ಕೇ ಎಂದು ಬಲ್ಲವರು ಹೇಳಿದರು.

ಕಾವೇರಿ ತಿಳಿಯಾಗಿ ಹರಿದಳೆಂಬ ಮಾತನ್ನೂ ತುಸು ತೂಗಿ ನೋಡಬೇಕು. ನಮ್ಮ ಹೊಳೆಗಳಿಗೆ ಕಾಫಿ ಪಲ್ಪಿಂಗ್‌ನ, ಅಂದರೆ ಹಣ್ಣಿನ ಸಿಪ್ಪೆ ಸುಲಿಯುವ ಕೆಲಸದ, ಹುಳಿ ನೀರು ಸೇರುವುದು ಕೊಯ್ಲಿನ ತಿಂಗಳುಗಳಲ್ಲಿ; ಏಪ್ರಿಲ್ ಹೊತ್ತಿಗೆ ಆ ಕೆಲಸ ಬಹುಪಾಲು ಮುಗಿದಿರುತ್ತದೆ. ಆ ವರ್ಷದ ತಿಳಿನೀರಿನ ಶ್ರೇಯಸ್ಸಿನಲ್ಲಿ ಒಂದು ಪಾಲು ಪಂಚಾಂಗಕ್ಕೂ ಸಲ್ಲಬೇಕು.

ಮನುಷ್ಯನ ಓಡಾಟ ನಿಂತ ಆ ಅವಧಿಗೆ ವಿಜ್ಞಾನಿಗಳು 2020ರ ಜೂನ್‌ನಲ್ಲಿ ‘ಆಂಥ್ರೊಪಾಸ್’, ಅಂದರೆ ಮನುಷ್ಯನ ವಿರಾಮ, ಎಂದು ಹೆಸರಿಟ್ಟರು. ಕೊಡಗಿಗೆ ಈ ಕಲ್ಪನೆ ಹೊಸದಲ್ಲ. ಊರದೇವರ ಹಬ್ಬಕ್ಕೆ ಮುನ್ನ ‘ಕಟ್ಟು’ ಬಿದ್ದರೆ ಹಸಿಮರಕ್ಕೆ ಕತ್ತಿ ತಾಗಿಸುವಂತಿಲ್ಲ, ಪ್ರಾಣಿ ಕೊಲ್ಲುವಂತಿಲ್ಲ. ಆದರೆ ಕಟ್ಟು ದಿನಗಳ ಲೆಕ್ಕದ್ದು. ಅಷ್ಟರಲ್ಲಿ ಪ್ರಾಣಿ ಹೊರಗೆ ಕಾಣಿಸಿಕೊಳ್ಳಬಹುದೇ ಹೊರತು ಅದರ ಸಂತತಿ ಹೆಚ್ಚುವುದಿಲ್ಲ. ಕಾಣಿಸಿಕೊಳ್ಳುವುದಕ್ಕೂ ಮರಳುವುದಕ್ಕೂ ಇರುವ ಈ ಅಂತರವನ್ನು ತಿಳಿಯಲು ಅಮೆರಿಕದ ಫ್ಲಾರಿಡಾದ ಮ್ಯಾನಟಿಯ ಚರಿತ್ರೆ ಒಳ್ಳೆಯ ದಾರಿ.

ಮ್ಯಾನಟಿ ಕಡಲಹಸುವಿನ ಬಳಗಕ್ಕೆ ಸೇರಿದ, ಸಾಮಾನ್ಯವಾಗಿ ಐನೂರು ಕಿಲೊದಷ್ಟು ತೂಗುವ ಸಸ್ಯಾಹಾರಿ. ಇಂದು ಬದುಕಿರುವ ಪ್ರಾಣಿಗಳಲ್ಲಿ ಆನೆಗೆ ಹತ್ತಿರದ ದಾಯಾದಿಗಳಲ್ಲಿ ಒಂದು. ಅದರ ಈಜುಕೈಯ ತುದಿಯಲ್ಲಿ ಆನೆಯ ಕಾಲಿನಲ್ಲಿರುವಂತೆಯೇ ಉಗುರುಗಳಿವೆ, ಸವೆದ ದವಡೆಹಲ್ಲು ಬಿದ್ದಂತೆ ಹಿಂದಿನಿಂದ ಹೊಸದು ಮುಂದೆ ಸರಿದು ಬರುತ್ತದೆ. ನಿಧಾನವಾಗಿ ಈಜುತ್ತಾ, ಉಸಿರಿಗಾಗಿ ಕೆಲವೇ ನಿಮಿಷಗಳಿಗೊಮ್ಮೆ ಮೇಲೆ ಬರುವ ಈ ಪ್ರಾಣಿಯ ಬೆನ್ನನ್ನು ಮೋಟಾರು ದೋಣಿಗಳು ಎಷ್ಟು ಸೀಳಿವೆಯೆಂದರೆ, ಸಂಶೋಧಕರು ಒಂದೊಂದು ಮ್ಯಾನಟಿಯನ್ನು ಗುರುತಿಸುವುದೇ ಆ ಗಾಯದ ಕಲೆಗಳಿಂದ. 1967ರಲ್ಲಿ ಅದು ಅಳಿವಿನಂಚಿನ ಪಟ್ಟಿ ಸೇರಿತು. 1978ರ ರಾಜ್ಯ ಕಾಯ್ದೆಯ ನಂತರ ದೋಣಿಗಳ ವೇಗಕ್ಕೆ ಕಡಿವಾಣ ಬಿತ್ತು. 1991ರ ವೈಮಾನಿಕ ಎಣಿಕೆಯಲ್ಲಿ ಕಂಡದ್ದು 1,267, 2017ರಲ್ಲಿ 6,620. ಅದೇ ವರ್ಷ ಅಪಾಯದ ಶ್ರೇಣಿಯಲ್ಲಿ ಅದನ್ನು ಒಂದು ಮೆಟ್ಟಿಲು ಕೆಳಗಿಳಿಸಲಾಯಿತು.

ಅಲ್ಲಿಗೆ ನಿಲ್ಲಿಸಿದ್ದರೆ ಇದು ಸುಖಾಂತ್ಯದ ಕಥೆ. ಆದರೆ 2021ರಲ್ಲಿ, ಅಂದರೆ ಜಗತ್ತು ಪ್ರಾಣಿಗಳ ಮರುಪ್ರವೇಶವನ್ನು ಕೊಂಡಾಡಿದ ಮರುವರ್ಷವೇ, ಫ್ಲಾರಿಡಾದಲ್ಲಿ 1,100ಕ್ಕೂ ಹೆಚ್ಚು ಮ್ಯಾನಟಿಗಳು ಸತ್ತವು. ಬಹುಪಾಲು ಸಾವಿಗೆ ದೋಣಿ ಕಾರಣವಲ್ಲ, ಹಸಿವು ಕಾರಣ. ಇಂಡಿಯನ್ ರಿವರ್ ಲಗೂನ್ ಎಂಬ ಹಿನ್ನೀರಿಗೆ ವರ್ಷಗಟ್ಟಲೆ ಸೇರಿದ ರಸಗೊಬ್ಬರ ಮತ್ತು ಕೊಳಚೆಯಿಂದ ಪಾಚಿ ಉಕ್ಕಿ, ಬೆಳಕು ತಳ ಮುಟ್ಟದೆ, ಅವು ಮೇಯುವ ಕಡಲಹುಲ್ಲು ಸತ್ತಿತ್ತು. ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಮ್ಯಾನಟಿ ತಾಳದು. ಹಾಗಾಗಿ ಚಳಿಗಾಲದಲ್ಲಿ ಅವು ವಿದ್ಯುತ್ ಸ್ಥಾವರಗಳು ಹೊರಬಿಡುವ ಬಿಸಿನೀರಿನ ಬಳಿ ಗುಂಪುಗೂಡುತ್ತವೆ. ಹತ್ತಿರದಲ್ಲಿ ಮೇವಿಲ್ಲ, ದೂರ ಹೋದರೆ ಚಳಿ. ಕೊನೆಗೆ ಕೇಪ್ ಕೆನವೆರಲ್‌ನ ಸ್ಥಾವರದ ಬಳಿ ಆ ಚಳಿಗಾಲ ವನ್ಯಜೀವಿ ಇಲಾಖೆಯ ಸಿಬ್ಬಂದಿಯೇ ನಿಂತು ಸುಮಾರು 90 ಟನ್ ಲೆಟ್ಯೂಸ್ ಸೊಪ್ಪನ್ನು ನೀರಿಗೆ ಎಸೆಯಬೇಕಾಯಿತು.

ನಾಗರಹೊಳೆಯಲ್ಲಿ ನಡೆದದ್ದು ನಿಜವಾದ ಮರಳುವಿಕೆ, ಮತ್ತು ಅದಕ್ಕೆ ದಶಕಗಳೇ ಬೇಕಾದವು. 1955ರಲ್ಲಿ ಅಭಯಾರಣ್ಯವಾದರೂ ಕಳ್ಳಬೇಟೆ, ದನ ಮೇಯಿಸುವುದು, ಹಡ್ಲುಗಳಲ್ಲಿನ (ಕಾಡಿನ ನಡುವಿನ ಜೌಗು ಬಯಲುಗಳಲ್ಲಿನ) ಭತ್ತದ ಬೇಸಾಯ ನಿಂತಿರಲಿಲ್ಲ. 1972ರ ವನ್ಯಜೀವಿ ಕಾಯ್ದೆಯ ಬಳಿಕ, ಕೊಡಗಿನವರೇ ಆದ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪ ಅವರಂಥವರ ಕಾವಲಿನಿಂದ ಇವು ಒಂದೊಂದಾಗಿ ಹಿಂದೆ ಸರಿದವು. ಹಡ್ಲಿನಲ್ಲಿ ಹುಲ್ಲು ಚಿಗುರಿತು, ಜಿಂಕೆ ಮತ್ತು ಕಾಟಿ ಹೆಚ್ಚಿದವು, ಅವುಗಳ ಬೆನ್ನಿಗೆ ಹುಲಿ ಬಂತು. ಕಾಡಿನಿಂದ ಹೊರಬಿದ್ದ ಬುಡಕಟ್ಟು ಕುಟುಂಬಗಳು ಇದಕ್ಕೆ ತೆತ್ತ ಬೆಲೆ ಬೇರೆಯೇ ಒಂದು ಲೇಖನದ ವಸ್ತು. ಕಾವಲು ಎಷ್ಟು ಮುಖ್ಯವೆಂಬುದನ್ನು ಲಾಕ್‌ಡೌನ್ ತಲೆಕೆಳಗಾಗಿ ತೋರಿಸಿತು: ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆಯ ಲೆಕ್ಕದಂತೆ, ದೇಶದಲ್ಲಿ ವರದಿಯಾದ ಬೇಟೆ ಪ್ರಕರಣಗಳು ಹಿಂದಿನ ಆರು ವಾರಗಳಲ್ಲಿ 35 ಇದ್ದರೆ ನಂತರದ ಆರು ವಾರಗಳಲ್ಲಿ 88ಕ್ಕೆ ಏರಿದವು.

ಈಗ ಕೊಡಗಿನಲ್ಲಿ ಯಾರೂ ಘೋಷಿಸದ ಇನ್ನೊಂದು ವಿರಾಮ ನಡೆಯುತ್ತಿದೆ. ಆಳು ಸಿಗದೆ, ಖರ್ಚು ಹುಟ್ಟದೆ, ಆನೆ ಮತ್ತು ಹಂದಿಯ ಕಾಟ ತಾಳದೆ ಗದ್ದೆಗಳು ಪಾಳು ಬಿದ್ದಿವೆ, ಮತ್ತು ನೇಗಿಲು ಹಿಂದೆ ಸರಿದಲ್ಲೆಲ್ಲ ಕಾಡುಪ್ರಾಣಿ ಮುಂದೆ ಬರುತ್ತಿದೆ. ಆದರೆ ಮ್ಯಾನಟಿ ಬಿಸಿನೀರಿನ ಕಾಲುವೆಗೆ ಒಗ್ಗಿದಂತೆ ಇಲ್ಲಿನ ಆನೆ ಒಗ್ಗಿರುವುದು ತೋಟಕ್ಕೆ. ಬೇಸಿಗೆಯಲ್ಲೂ ಬತ್ತದ ತೋಟದ ಕೆರೆ, ಹಗಲು ಮಲಗಲು ನೆರಳು, ಮಳೆಗಾಲಕ್ಕೆ ಮುನ್ನ ಹಲಸು. ಆನೆ ಬಾರದಿರಲೆಂದು ಬೆಳೆಗಾರರು ಹಲಸನ್ನು ಎಳೆಗಾಯಿಯಾಗಿರುವಾಗಲೇ ಕೊಯ್ದು ಕೆಡವುವುದುಂಟು. ಅದು ಬಂದೇ ಬರುತ್ತದೆ. ಬೆಳಿಗ್ಗೆ ದಾರಿಯಲ್ಲಿ ಬಿದ್ದ ಲದ್ದಿಯನ್ನು ಕೋಲಿನಿಂದ ಕೆದಕಿದರೆ ಒಳಗೆ ಜೀರ್ಣವಾಗದ ಕಾಫಿ ಬೀಜ ಸಿಗುತ್ತದೆ, ನಾಲ್ಕು ಮಳೆ ಬಿದ್ದ ಮೇಲೆ ಅಲ್ಲೇ ಒಂದೆರಡು ಕಾಫಿ ಸಸಿಯೂ ಮೇಲೇಳುತ್ತದೆ.