ಹಡಗಿನ ಪ್ರಮಾಣಪತ್ರ: ಹೆಸರು ಸರ್ಕಾರದ್ದು, ತಪಾಸಣೆ ಯಾರದ್ದು?

ಮಂಗಳೂರಿನ ಪಣಂಬೂರು ಬಂದರಿನಲ್ಲಿ ಬರ್ತ್‌ಗೆ ಕಟ್ಟಿದ ಯಾವುದೇ ದೊಡ್ಡ ಸರಕು ಹಡಗಿನ ಪಕ್ಕಮೈಯನ್ನು ನಡುಮಧ್ಯದಲ್ಲಿ ನೋಡಿ. 300 ಮಿ.ಮೀ. ವ್ಯಾಸದ ಒಂದು ವೃತ್ತ, ಅದನ್ನು ಅಡ್ಡ ಸೀಳಿದ 450 ಮಿ.ಮೀ. ಉದ್ದದ ಗೆರೆ. ವೃತ್ತದ ಎಡಬಲಕ್ಕೆ ಒಂದೊಂದು ಅಕ್ಷರ: ಎಲ್–ಆರ್, ಬಿ–ವಿ, ಎನ್–ಕೆ, ಐ–ಆರ್, ಹೀಗೆ. ಹಡಗನ್ನು ಎಷ್ಟು ಆಳಕ್ಕೆ ಇಳಿಯುವವರೆಗೆ ತುಂಬಬಹುದು ಎಂದು ನಿಗದಿ ಮಾಡಿದವರ ಗುರುತು ಅದು. ಪಕ್ಕದಲ್ಲೇ ಏಣಿಯ ಮೆಟ್ಟಿಲಿನಂತೆ ಋತುವಿನ ಗೆರೆಗಳಿರುತ್ತವೆ. ಮಲ್ಪೆಯ ಬೋಟುಗಳು ದಡದಲ್ಲಿ ಕೂರುವ ಜೂನ್–ಜುಲೈಯಲ್ಲಿ ಈ ಹಡಗುಗಳೂ ಮೇಲಿನ ‘ಟಿ’ (ಟ್ರಾಪಿಕಲ್, ಉಷ್ಣವಲಯದ) ಗೆರೆ ಬಿಟ್ಟು ಕೆಳಗಿನ ‘ಎಸ್’ (ಸಮ್ಮರ್, ಬೇಸಿಗೆಯ) ಗೆರೆಯವರೆಗೆ ಮಾತ್ರ ತುಂಬಬೇಕು.

ಹಿಂಬದಿಯಲ್ಲಿ ಹಾರುವ ಬಾವುಟ ಪನಾಮಾದ್ದೋ ಲೈಬೀರಿಯಾದ್ದೋ ಇರಬಹುದು. ವೃತ್ತದ ಪಕ್ಕದ ಅಕ್ಷರಗಳು ಮಾತ್ರ ಲಾಯ್ಡ್ಸ್ ರಿಜಿಸ್ಟರ್, ಬ್ಯೂರೋ ವೆರಿಟಾಸ್, ಇಂಡಿಯನ್ ರಿಜಿಸ್ಟರ್ ಆಫ್ ಶಿಪ್ಪಿಂಗ್‌ನಂಥ ವರ್ಗೀಕರಣ ಸಂಸ್ಥೆಗಳದ್ದು. ಬಂದರಿನವರ ಬಾಯಲ್ಲಿ ಇವರೆಲ್ಲ ‘ಕ್ಲಾಸ್’. ಸರ್ಕಾರ ಮಾಡಬೇಕಾದ ತಪಾಸಣೆ ಇವರ ಕೈಗೆ ಬಂದದ್ದು ಹೇಗೆ?

ಶುರುವಾದದ್ದು ವಿಮೆಯಿಂದ. ಲಂಡನ್ನಿನ ಎಡ್ವರ್ಡ್ ಲಾಯ್ಡ್‌ನ ಕಾಫಿ ಅಂಗಡಿಯ ಸುತ್ತ ಬೆಳೆದ ವಿಮೆಗಾರರ ಬಳಗ 1760ರಲ್ಲಿ ಸಂಘ ಕಟ್ಟಿಕೊಂಡು, 1764ರ ಹೊತ್ತಿಗೆ ಹಡಗುಗಳ ಪಟ್ಟಿ ಅಚ್ಚು ಹಾಕಿಸಿತು. ಹಡಗಿನ ಒಡಲಿಗೆ ಎ, ಇ, ಐ, ಒ, ಯು ಎಂಬ ದರ್ಜೆ. ಹಾಯಿ, ಹಗ್ಗ, ಲಂಗರುಗಳಿಗೆ ಒಳ್ಳೆಯದು, ಸಾಧಾರಣ, ಕೆಟ್ಟದ್ದು ಎಂಬ ಮೂರು ಗುರುತು. ದುಡ್ಡು ಹೋಗುವುದು ವಿಮೆಗಾರನದ್ದೇ ಆದ್ದರಿಂದ ಕಣ್ಣು ಚುರುಕಾಗಿತ್ತು. ಮುಂದೆ ತಪಾಸಣೆಯ ಶುಲ್ಕ ಕಟ್ಟುವವನು ಹಡಗಿನ ಮಾಲೀಕನೇ ಆದ. ಇಂದಿನ ಬಹುಪಾಲು ತಕರಾರುಗಳ ಬೇರು ಅಲ್ಲಿದೆ.

ಬ್ರಿಟನ್ನಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿ 1876ರಲ್ಲಿ ಭಾರದ ಗೆರೆಯನ್ನು ಕಡ್ಡಾಯ ಮಾಡಿಸಿದರೂ, ಅದನ್ನು ಎಲ್ಲಿ ಎಳೆಯಬೇಕೆಂಬುದು ಮಾಲೀಕನ ಇಷ್ಟಕ್ಕೇ ಉಳಿದಿತ್ತು. 1890ರ ಕಾಯ್ದೆ ಅದನ್ನು ಬಿಗಿ ಮಾಡಿತು. ಗೆರೆ ನಿಗದಿಪಡಿಸುವ ಅಧಿಕಾರ ಲಾಯ್ಡ್ಸ್ ರಿಜಿಸ್ಟರ್‌ನಂಥವರಿಗೂ ಸಿಕ್ಕಿತು. ಕಡಲಿನಲ್ಲಿ ಜೀವರಕ್ಷಣೆಗಾಗಿ ದೇಶಗಳು ಮಾಡಿಕೊಂಡ 1974ರ ಸೋಲಾಸ್ ಒಪ್ಪಂದದ ಮೊದಲ ಅಧ್ಯಾಯದ 6ನೇ ನಿಯಮ ಇದೇ ಏರ್ಪಾಡನ್ನು ಜಗತ್ತಿಗೆಲ್ಲ ಒಪ್ಪಿಸಿತು: ಬಾವುಟದ ಸರ್ಕಾರ, ಅಂದರೆ ಹಡಗು ನೋಂದಣಿಯಾದ ದೇಶದ ಸರ್ಕಾರ, ತಪಾಸಣೆಯನ್ನು ಮಾನ್ಯತೆ ಪಡೆದ ಸಂಸ್ಥೆಗೆ ವಹಿಸಬಹುದು, ಆದರೆ ಅದು ಪೂರ್ಣವಾಗಿ, ಸಮರ್ಪಕವಾಗಿ ನಡೆದಿದೆ ಎಂಬ ಖಾತರಿ ಆ ಸರ್ಕಾರದ್ದೇ. ಈ ಎರಡನೆಯ ಮಾತನ್ನು ಹಲವು ಬಾವುಟಗಳು ಮರೆತೇಬಿಟ್ಟಿವೆ. ಪ್ರತಿ ಬಂದರಿನಲ್ಲೂ ತಪಾಸಣೆ ಮಾಡುವ ಸರ್ವೇಯರ್ ಇಡಲು ಯಾವ ದೇಶಕ್ಕೂ ಆಗದು, ಕ್ಲಾಸ್‌ಗೆ ಆಗುತ್ತದೆ. ಆ ಅನುಕೂಲವೇ ಕ್ರಮೇಣ ಅವಲಂಬನೆಯಾಯಿತು.

ಕೆಲಸದ ಲೆಕ್ಕ ಹೀಗಿದೆ. ಸರ್ವೇಯ ಚಕ್ರ ಐದು ವರ್ಷದ್ದು. ವರ್ಷಕ್ಕೊಮ್ಮೆ ವಾರ್ಷಿಕ ಸರ್ವೇ, ಎರಡನೇ ಅಥವಾ ಮೂರನೇ ವರ್ಷ ಮಧ್ಯಂತರ, ಐದನೇ ವರ್ಷ ಪೂರ್ಣ ಸರ್ವೇ. ತಳವನ್ನು ಐದು ವರ್ಷದಲ್ಲಿ ಎರಡು ಸಲ ನೋಡಬೇಕು, ನಡುವೆ 36 ತಿಂಗಳು ಮೀರಕೂಡದು. ಹಳೆ ಹಡಗಿನಲ್ಲಿ ಮುಖ್ಯವಾದದ್ದು ಅಲ್ಟ್ರಾಸೋನಿಕ್ ಉಪಕರಣದಿಂದ ಉಕ್ಕಿನ ದಪ್ಪ ಅಳೆಯುವುದು. ಮೂಲದಲ್ಲಿ 12 ಮಿ.ಮೀ. ಇದ್ದ ತಗಡಿಗೆ ಶೇ. 20 ಸವೆತ ಒಪ್ಪಿಗೆ ಎಂದಿಟ್ಟುಕೊಳ್ಳಿ; 9.6ಕ್ಕಿಂತ ಕೆಳಗಿಳಿದರೆ ಕತ್ತರಿಸಿ ಹೊಸದು ಹಾಕಬೇಕು. ಒಪ್ಪಿದ ಸವೆತದ ಮುಕ್ಕಾಲು ಪಾಲು ದಾಟಿದರೆ, ಅಂದರೆ 10.2ಕ್ಕಿಂತ ಕೆಳಗೆ ಬಂದರೆ, ‘ಗಣನೀಯ ತುಕ್ಕು’ ಎಂದು ಬರೆದು ಮುಂದಿನ ಸರ್ವೇಗಳಲ್ಲಿ ಅದೇ ಜಾಗವನ್ನು ಮತ್ತೆ ಅಳೆಯಬೇಕು. ಅಳೆಯುವ ಕಂಪನಿಗೆ ಕ್ಲಾಸ್‌ನ ಒಪ್ಪಿಗೆ ಬೇಕು, ಹಣ ಕೊಡುವವನು ಮಾಲೀಕ. ಸರ್ವೇಯರ್ ಜೊತೆಗೆ ನಿಂತು ಜಾಗ ತೋರಿಸದಿದ್ದರೆ ಕೈಗೆಟುಕುವ ಗಟ್ಟಿ ತಗಡಿನ ಅಂಕಿಗಳೇ ಪುಟ ತುಂಬುತ್ತವೆ. ಕೊಳೆಯುವುದು ಬೇರೆ ಕಡೆ: ಸಮತೋಲಕ್ಕೆ ನೀರು ತುಂಬುವ, ಬಣ್ಣ ಎದ್ದುಹೋದ ಬ್ಯಾಲಸ್ಟ್ ಟ್ಯಾಂಕಿನ ಮೇಲ್ಮೂಲೆ, ಬಿಸಿ ಮಾಡಿದ ತೈಲದ ಟ್ಯಾಂಕಿಗೆ ತಾಗಿದ ಗೋಡೆ, ತಗಡಿಗೆ ಬಲ ಕೊಡುವ ಸ್ಟಿಫನರ್ ಪಟ್ಟಿಯ ಬುಡದ ಬೆಸುಗೆ.

ಹೊಸ ಹಡಗಿಗೂ ಇದೇ ಕಾವಲು. ಮಲ್ಪೆ, ಹಂಗಾರಕಟ್ಟೆಯ ಯಾರ್ಡುಗಳಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಟಗ್‌ಗಳನ್ನೂ ನಾರ್ವೆಯ ಕಂಪನಿಗೆ ಸರಕು ಹಡಗುಗಳನ್ನೂ ಕಟ್ಟುತ್ತಿದೆ. ಇಂಥ ಹಡಗಿನ ಟ್ಯಾಂಕಿಗೆ ಗಾಳಿ ಹೊಡೆದು 0.20 ಬಾರ್‌ಗೆ ಏರಿಸಿ, ಒಂದು ಗಂಟೆ ಬಿಟ್ಟು, 0.15ಕ್ಕೆ ಇಳಿಸಿ, ಬೆಸುಗೆಯ ಉದ್ದಕ್ಕೂ ಸೋಪುನೀರು ಹಚ್ಚುತ್ತಾರೆ. ಗುಳ್ಳೆ ಎದ್ದರೆ ಅಲ್ಲಿ ತೂತು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮರದ ಮಂಜಿಗಳು ಸೋಲಾಸ್ ವ್ಯಾಪ್ತಿಗೇ ಬರುವುದಿಲ್ಲ. ಅವುಗಳ ಕಥೆ ಬೇರೆ.

ತಪ್ಪಿದಾಗ ಉತ್ತರ ಕೊಡುವವರು ಯಾರು? 1986ರಲ್ಲಿ ‘ನಿಕೋಲಸ್ ಎಚ್’ ಹಡಗಿನ ಒಡಲು ಬಿರುಕುಬಿಟ್ಟು ಪೋರ್ಟೊ ರಿಕೊ ಬಳಿ ಲಂಗರು ಹಾಕಿತು. ಕ್ಲಾಸ್‌ನ ಸರ್ವೇಯರ್ ಮೊದಲು ಶಾಶ್ವತ ರಿಪೇರಿ ಬೇಕೆಂದರು. ಮಾಲೀಕರು ಒಪ್ಪದಿದ್ದಾಗ ತಾತ್ಕಾಲಿಕ ಬೆಸುಗೆಗೆ ಒಪ್ಪಿ ಮುಂದೆ ಹೋಗಲು ಬಿಟ್ಟರು. ಕೆಲವೇ ದಿನಗಳಲ್ಲಿ ಹಡಗು ಮುಳುಗಿತು. ಸರಕಿನ ಮಾಲೀಕರಿಗೆ ಕ್ಲಾಸ್ ಹೊಣೆಯಲ್ಲ ಎಂದು 1995ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. 1999ರ ಡಿಸೆಂಬರ್‌ನಲ್ಲಿ ಮಾಲ್ಟಾ ಬಾವುಟದ ‘ಎರಿಕಾ’ ಫ್ರಾನ್ಸ್ ಕರಾವಳಿಯಲ್ಲಿ ಎರಡು ತುಂಡಾಗಿ ಸುಮಾರು 20,000 ಟನ್ ತೈಲ ಕಡಲಿಗೆ ಸೇರಿತು. ಅದರ ಪ್ರಮಾಣಪತ್ರ ಇಟಲಿಯ ರೀನಾ ಸಂಸ್ಥೆಯದ್ದು. 2012ರಲ್ಲಿ ಫ್ರಾನ್ಸಿನ ಉನ್ನತ ನ್ಯಾಯಾಲಯ ರೀನಾವನ್ನೂ ಹೊಣೆ ಮಾಡಿತು. ‘ಸರ್ಕಾರದ ಪರವಾಗಿ ಮಾಡಿದೆವು, ಆದ್ದರಿಂದ ನಮ್ಮ ಮೇಲೆ ದಾವೆ ನಡೆಯದು’ ಎಂಬ ಕ್ಲಾಸ್‌ನ ವಾದ ತಾನಾಗಿ ರಕ್ಷಣೆ ಕೊಡದು ಎಂದು ಯುರೋಪಿನ ನ್ಯಾಯಾಲಯ 2020ರಲ್ಲಿ ಹೇಳಿತು. 2006ರಲ್ಲಿ ಕೆಂಪು ಸಮುದ್ರದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತ ದುರಂತದ ಪ್ರಕರಣ ಅದು. ತಪಾಸಣೆ ವಹಿಸಿಕೊಡುವ ಸರ್ಕಾರಗಳಿಗೂ ವಹಿಸಿಕೊಂಡ ಕ್ಲಾಸ್‌ಗಳಿಗೂ ಒಂದೇ ನಿಯಮಾವಳಿ ಜಾರಿಗೆ ಬಂದದ್ದು 2015ರ ಜನವರಿ 1ರಂದು. ತಡವಾಯಿತು ಎಂದೇ ಹೇಳಬೇಕು.

ನಮ್ಮಲ್ಲಿ 1975ರಲ್ಲಿ ಹುಟ್ಟಿದ ಇಂಡಿಯನ್ ರಿಜಿಸ್ಟರ್ 2010ರಲ್ಲಿ ಅಂತರರಾಷ್ಟ್ರೀಯ ಕ್ಲಾಸ್ ಒಕ್ಕೂಟದ ಪೂರ್ಣ ಸದಸ್ಯನಾಯಿತು. ಪಣಂಬೂರಿಗೆ ಬರುವ ವಿದೇಶಿ ಹಡಗನ್ನು ನಮ್ಮ ಸರ್ಕಾರದ ಸರ್ವೇಯರ್‌ಗಳು ಹತ್ತಿ ನೋಡಿ ತಡೆಹಿಡಿಯಬಹುದು. ಬಂದರಿಗೆ ಬಾರದೆ ಹಾದುಹೋಗುವ ಹಡಗಿಗೆ ಆ ಜರಡಿಯೂ ಇಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಮುಳುಗಿದ ‘ಪ್ರಿನ್ಸೆಸ್ ಮಿರಾಲ್’ ಚೀನಾದಿಂದ ಲೆಬನಾನಿಗೆ ಉಕ್ಕು ಒಯ್ಯುತ್ತಿತ್ತು; ಒಳಗೆ ನೀರು ನುಗ್ಗಿದ ಮೇಲೆ ನಮ್ಮ ದಡದತ್ತ ಬಂತು. 15 ಸಿರಿಯನ್ ನಾವಿಕರನ್ನು ಕೋಸ್ಟ್ ಗಾರ್ಡ್ ಉಳಿಸಿತು.

ಹಡಗಿನ ಮೈಮೇಲೆ ಏಳಂಕಿಯ ಐಎಂಒ (ಅಂತರರಾಷ್ಟ್ರೀಯ ಸಾಗರ ಸಂಸ್ಥೆ) ಸಂಖ್ಯೆ ಬರೆದಿರುತ್ತದೆ. ಅದನ್ನು ಇಕ್ವಾಸಿಸ್ ಎಂಬ ಉಚಿತ ಜಾಲತಾಣದಲ್ಲಿ ಹಾಕಿದರೆ ಕ್ಲಾಸ್ ಯಾವುದು, ಎಲ್ಲೆಲ್ಲಿ ತಡೆಹಿಡಿದಿದ್ದರು ಎಂಬುದು ಸಿಗುತ್ತದೆ. ಐದನೇ ವರ್ಷದ ದೊಡ್ಡ ಸರ್ವೇಗೆ ಸ್ವಲ್ಪ ಮೊದಲು ಕ್ಲಾಸ್ ಬದಲಾಗಿದ್ದರೆ ಹಳೆ ಕ್ಲಾಸ್ ಯಾವ ರಿಪೇರಿ ಕೇಳಿತ್ತು ಎಂದು ಹಡಗಿನ ಏಜೆಂಟರನ್ನು ಕೇಳಿ.